ಮುಖಕ್ಕೆ ಹ್ಯಾಲೊಜನ್, ಬಣ್ಣಕ್ಕೆ ಎಲ್‌ಇಡಿ: ಹಳೆಯ ಪಾರ್‌ಗಳನ್ನು ಗುಜರಿಗೆ ಹಾಕಬೇಡಿ

ಪ್ರಶ್ನೆ: ನಾವು ಇಳಕಲ್‌ನ ಹವ್ಯಾಸಿ ನಾಟಕ ತಂಡದವರು. ನೇಕಾರರು, ಶಿಕ್ಷಕರು, ಅಂಗಡಿಕಾರರು ಸೇರಿ ನಾಟಕ ಆಡುತ್ತೇವೆ. ನಮ್ಮಲ್ಲಿ ತಲಾ 1000 ವ್ಯಾಟ್‌ನ ಎಂಟು ಪಾರ್ ದೀಪಗಳು (ಡಬ್ಬಿಯಾಕಾರದ ಹ್ಯಾಲೊಜನ್ ರಂಗದೀಪಗಳು), ಅಷ್ಟೇ ವ್ಯಾಟ್‌ನ ಎರಡು ಫ್ರೆನೆಲ್ (ಮೃದು ಅಂಚಿನ ಬೆಳಕು ಕೊಡುವ ಹ್ಯಾಲೊಜನ್ ದೀಪಗಳು), ಬೆಳಕನ್ನು ಏರಿಳಿಸುವ 12 ಚಾನೆಲ್‌ನ ಒಂದು ಡಿಮ್ಮರ್ ಇವೆ. ಎಲ್ಲವೂ ಹಳೆಯವು. ದೀಪ ಮಾರುವವರೊಬ್ಬರು, ‘ಇವನ್ನೆಲ್ಲ ಗುಜರಿಗೆ ಹಾಕಿ 16 ಎಲ್‌ಇಡಿ ಪಾರ್ ಕೊಳ್ಳಿ, ಒಂದು ಎಲ್‌ಇಡಿ ಒಂದು ಸಾವಿರ ವ್ಯಾಟ್‌ಗೆ ಸಮ’ ಎಂದರು. ಪರೀಕ್ಷೆಗೆಂದು ಜಾತ್ರೆಯ ಪ್ರಯೋಗಕ್ಕೆ ಎಂಟು ಎಲ್‌ಇಡಿಗಳನ್ನು ಬಾಡಿಗೆಗೆ ತಂದೆವು. ನಟಿಯರ ಮುಖ ಹೆಣದ ಬಣ್ಣಕ್ಕೆ ತಿರುಗಿತು. ರಾತ್ರಿಯ ದೃಶ್ಯದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ ಕಂಡಿತು. ನಾಟಕದ ನಡುವೆ ದೀಪಗಳು ತಾವಾಗಿಯೇ ಮಿಟುಕತೊಡಗಿದವು. ಹಳೆಯ ಡಿಮ್ಮರ್‌ಗೆ ಸಿಕ್ಕಿಸಿದ್ದ ಒಂದು ದೀಪ ಸುಟ್ಟೇ ಹೋಯಿತು. ಮೊಬೈಲ್‌ನಲ್ಲಿ ತೆಗೆದ ವಿಡಿಯೊದ ತುಂಬ ಪಟ್ಟೆಗಳು. ನಮ್ಮ ತಂಡದ ಹಿರಿಯರು ‘ಎಲ್‌ಇಡಿ ನಾಟಕಕ್ಕೆ ಸಲ್ಲದು’ ಎನ್ನುತ್ತಾರೆ, ಹುಡುಗರು ‘ಹ್ಯಾಲೊಜನ್ ಕಾಲ ಮುಗಿಯಿತು’ ಎನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ಹಳೆಯ ದೀಪಗಳನ್ನು ಮಾರಬೇಡಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನು ನಿಧಾನವಾಗಿ ತೀರ್ಮಾನಿಸಬಹುದು. ಗುಜರಿಗೆ ಹೋದ ಪಾರ್ ಮಾತ್ರ ಹಿಂದಿರುಗುವುದಿಲ್ಲ.

ನಿಮ್ಮ ಪತ್ರದಲ್ಲಿರುವ ತೊಂದರೆಗಳೆಲ್ಲ ಎಲ್‌ಇಡಿಯ ತಲೆಗೆ ಕಟ್ಟುವಂಥವಲ್ಲ. ಮುಖ ಮತ್ತು ಸೆರಗಿನ ಬಣ್ಣ ಕೆಟ್ಟದ್ದು ಆ ದೀಪಗಳ ಗುಣದಿಂದ. ದೀಪಗಳು ಮಿಟುಕಿದ್ದು ಮತ್ತು ಒಂದು ಸುಟ್ಟದ್ದು ಜೋಡಣೆಯ ದೋಷದಿಂದ. ವಿಡಿಯೊದ ಪಟ್ಟೆಗೆ ದೀಪವೂ ಕಾರಣ, ಅದರೊಳಗಿನ ಸೆಟ್ಟಿಂಗೂ ಕಾರಣ. ಹಿರಿಯರು ಹೇಳುವುದೂ ಹುಡುಗರು ಹೇಳುವುದೂ ಅರ್ಧ ಸತ್ಯ.

‘ಒಂದು ಎಲ್‌ಇಡಿ ಸಾವಿರ ವ್ಯಾಟ್‌ಗೆ ಸಮ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಗಾಢ ನೀಲಿಯ ಮಟ್ಟಿಗೆ ಅದು ನಿಜವೇ. ಹ್ಯಾಲೊಜನ್ ದೀಪದ ಬೆಳಕಿನಲ್ಲಿ ನೀಲಿಯ ಪಾಲು ಮೊದಲೇ ಕಡಿಮೆ. ಅದರ ಮುಂದೆ ಗಾಢ ನೀಲಿ ಜಿಲಾಟಿನ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಇಟ್ಟರೆ ನೂರರಲ್ಲಿ ಕೆಲವೇ ಪಾಲು ಬೆಳಕು ದಾಟಿ ಬರುತ್ತದೆ, ಉಳಿದದ್ದೆಲ್ಲ ಶಾಖವಾಗಿ ಜಿಲಾಟಿನ್ನನ್ನೇ ಸುಡುತ್ತದೆ. ಎಲ್‌ಇಡಿ ಹಾಗಲ್ಲ. ಅದು ನೀಲಿಯನ್ನು ಸೋಸಿ ತೆಗೆಯುವುದಿಲ್ಲ, ನೀಲಿಯನ್ನೇ ಹುಟ್ಟಿಸುತ್ತದೆ. ಹಾಗಾಗಿ ಆಕಾಶದ ಪರದೆಗೆ, ಹಿಂಬದಿಯ ನೀಲಿಗೆ, ಕೆಂಪಿಗೆ, ಹಸಿರಿಗೆ ಸಣ್ಣ ಎಲ್‌ಇಡಿ ದೊಡ್ಡ ಹ್ಯಾಲೊಜನ್ನನ್ನು ಸುಲಭವಾಗಿ ಮೀರಿಸುತ್ತದೆ. ಆದರೆ ಬೆಚ್ಚನೆಯ ಬಿಳಿ ಅಥವಾ ತೆಳು ಹೊನ್ನಿನ ಬಣ್ಣ ಬೇಕಾದಾಗ ಲೆಕ್ಕ ತಲೆಕೆಳಗಾಗುತ್ತದೆ. 54 ಬಿಂದುಗಳ (ಸಣ್ಣ ಸಣ್ಣ ಎಲ್‌ಇಡಿಗಳ) ಸಾಮಾನ್ಯ ಎಲ್‌ಇಡಿ ಪಾರ್‌ನಲ್ಲಿ ಕೆಂಪು, ಹಸಿರು, ನೀಲಿಗಳು ಹಂಚಿಹೋಗಿರುತ್ತವೆ. ‘54 ಗುಣಿಸು 3 ವ್ಯಾಟ್’ ಎಂದು ಪೆಟ್ಟಿಗೆಯ ಮೇಲೆ ಬರೆದಷ್ಟು ವಿದ್ಯುತ್ತನ್ನು ಎಷ್ಟೋ ಅಗ್ಗದ ದೀಪಗಳು ಎಳೆಯುವುದೇ ಇಲ್ಲ. ಬಿಳಿ ಬೆಳಕಿನಲ್ಲಿ ಅದು ನಿಮ್ಮ ಸಾವಿರ ವ್ಯಾಟ್‌ನ ಪಾರ್ ಹತ್ತಿರವೂ ಸುಳಿಯುವುದಿಲ್ಲ.

ಈಗ ಮುಖದ ವಿಷಯ. ನಾಟಕದ ಬೆಳಕಿನಲ್ಲಿ ನನಗೆ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ.

ಹ್ಯಾಲೊಜನ್ ದೀಪದೊಳಗೆ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ರಂಗದೀಪಗಳಲ್ಲಿ ಅದರ ವರ್ಣತಾಪ, ಅಂದರೆ ಬೆಳಕು ಎಷ್ಟು ಬೆಚ್ಚಗೆ ಅಥವಾ ತಂಪಾಗಿ ಕಾಣುತ್ತದೆ ಎಂಬ ಅಳತೆ, ಸುಮಾರು 3200 ಕೆಲ್ವಿನ್. ಕಾದ ಲೋಹದ ಬೆಳಕಿನಲ್ಲಿ ಕೆಂಪಿನಿಂದ ನೇರಳೆಯವರೆಗೆ ಎಲ್ಲ ಬಣ್ಣಗಳೂ ಎಡೆಬಿಡದೆ ಇರುತ್ತವೆ, ಕೆಂಪು–ಹಳದಿಯ ಪಾಲು ಧಾರಾಳವಾಗಿರುತ್ತದೆ. ನಮ್ಮ ಕಂದು ಮೈಬಣ್ಣ ಮರಳಿಸುವುದು ಹೆಚ್ಚಾಗಿ ಆ ಕೆಂಪು–ಹಳದಿಯನ್ನೇ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೆರೆಸಿ ಮಾಡಿದ ಬಿಳಿ ಬರಿಗಣ್ಣಿಗೆ, ಬಿಳಿಯ ಗೋಡೆಯ ಮೇಲೆ, ಬಿಳಿಯಾಗಿಯೇ ಕಾಣುತ್ತದೆ. ಆದರೆ ಅದರೊಳಗೆ ಇರುವುದು ಮೂರು ಕಿರಿದಾದ ಪಟ್ಟಿಗಳು ಮಾತ್ರ. ಹಸಿರು ಮತ್ತು ಕೆಂಪಿನ ನಡುವೆ, ಅಂದರೆ ಹಳದಿ–ಕಿತ್ತಳೆ ಇರಬೇಕಾದ ಜಾಗದಲ್ಲಿ, ದೊಡ್ಡ ಖಾಲಿಯಿದೆ. ಚರ್ಮಕ್ಕೆ ಮರಳಿಸಲು ಬೇಕಾದ ಬಣ್ಣವೇ ಬೆಳಕಿನಲ್ಲಿಲ್ಲದಿದ್ದರೆ ಮುಖ ಒಮ್ಮೆ ಬೂದಿಯಾಗಿ, ಒಮ್ಮೆ ಹಸಿರಾಗಿ, ಒಮ್ಮೆ ವಿಪರೀತ ಗುಲಾಬಿಯಾಗಿ ಕಾಣುತ್ತದೆ. ನಿಮ್ಮ ನಟಿಯರ ಮೇಕಪ್ಪಿನಲ್ಲಿ ತಪ್ಪಿರಲಿಲ್ಲ.

ಸೆರಗು ಕಪ್ಪಾದದ್ದಕ್ಕೂ ಮೂಲ ಕಾರಣ ಇದೇ. ಕೆಂಪು ಬಟ್ಟೆ ಕೆಂಪು ಬೆಳಕನ್ನು ಮರಳಿಸಿ ಉಳಿದುದನ್ನು ಹೀರಿಕೊಳ್ಳುತ್ತದೆ. ಹ್ಯಾಲೊಜನ್‌ನ ಮುಂದೆ ತೆಳು ನೀಲಿ ಜಿಲಾಟಿನ್ ಇಟ್ಟಾಗ ಸ್ವಲ್ಪ ಕೆಂಪು ಸೋರಿ ಬರುತ್ತದೆ, ಸೆರಗು ಮಂಕಾದರೂ ಕೆಂಪಾಗಿಯೇ ಉಳಿಯುತ್ತದೆ. ಎಲ್‌ಇಡಿಯ ಶುದ್ಧ ನೀಲಿಯಲ್ಲಿ ಕೆಂಪಿನ ಲೇಶವೂ ಇಲ್ಲ. ಹೀಗಾಗಿ ಇಳಕಲ್ ಸೆರಗಿನ ಕೆಂಪು, ಹಣೆಯ ಕುಂಕುಮ, ತುಟಿಯ ಬಣ್ಣ ಮೂರೂ ಒಟ್ಟಿಗೆ ಕಪ್ಪಾಗುತ್ತವೆ. ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟಿದ್ದರೆ ಅದರ ನೇಯ್ಗೆಯ ಚಿತ್ತಾರವೂ ಅಳಿಸಿಹೋದೀತು. ನೇಕಾರರ ಊರಿನ ತಂಡ ನಿಮ್ಮದು. ಬಟ್ಟೆಯ ಬಣ್ಣ ಸತ್ತರೆ ನಿಮ್ಮ ಪ್ರೇಕ್ಷಕರು ಬೇರೆಯವರಿಗಿಂತ ಮೊದಲು ಗಮನಿಸುತ್ತಾರೆ. ರಾತ್ರಿಯ ದೃಶ್ಯ ಬೇಕೆಂದರೆ ಗಾಢ ನೀಲಿಯನ್ನು ಹಿಂದಿನಿಂದ ಮತ್ತು ಮೇಲಿನಿಂದ ಕೊಡಿ, ಅದು ನಟರ ತಲೆ, ಭುಜಗಳ ಅಂಚಿಗೆ ಹತ್ತಲಿ. ಮುಖಕ್ಕೆ ಹ್ಯಾಲೊಜನ್‌ನಿಂದ ತೆಳು ನೀಲಿ ಜಿಲಾಟಿನ್ ದಾಟಿದ ಮಂದ ಬೆಳಕು ಬೇರೆಯಾಗಿ ಬರಲಿ. ಪ್ರೇಕ್ಷಕರ ಕಣ್ಣು ಹಿಂಬದಿಯ ನೀಲಿಯಿಂದ ರಾತ್ರಿಯೆಂದು ತಿಳಿಯುತ್ತದೆ, ಮುಖವನ್ನು ಎದುರಿನ ಬೆಳಕಿನಲ್ಲಿ ಓದುತ್ತದೆ.

ಹಾಗಾದರೆ ಎಲ್‌ಇಡಿಯಿಂದ ಮುಖ ಬೆಳಗಿಸಲು ಆಗುವುದೇ ಇಲ್ಲವೇ? ಆಗುತ್ತದೆ. ಹಿರಿಯರ ಮಾತು ಅರ್ಧ ಮಾತ್ರ ಸತ್ಯ ಎಂದದ್ದು ಇದಕ್ಕೇ. ಬಣ್ಣ ಬೆರೆಸುವ ದೀಪ ಬೇರೆ, ಬೆಚ್ಚನೆಯ ಬಿಳಿಯನ್ನಷ್ಟೇ ಕೊಡುವ ದೀಪ ಬೇರೆ. ಎರಡನೆಯ ಬಗೆಯನ್ನು ಮಾರುಕಟ್ಟೆಯಲ್ಲಿ ವಾರ್ಮ್ ವೈಟ್ ಸಿಒಬಿ ಪಾರ್ ಎನ್ನುತ್ತಾರೆ. ಅದನ್ನು ಕೊಳ್ಳುವಾಗ ಕೇಳಬೇಕಾದ ಅಂಕಿಗಳು ಮೂರು: ವರ್ಣತಾಪ 3000ದಿಂದ 3200 ಕೆಲ್ವಿನ್, ಬಣ್ಣದ ನಿಷ್ಠೆಯನ್ನು ಅಳೆಯುವ ಸಿಆರ್‌ಐ 90ಕ್ಕಿಂತ ಹೆಚ್ಚು, ಆರ್9 ಸಾಧ್ಯವಾದಷ್ಟು ಹೆಚ್ಚು. ಆರ್9 ಎಂಬುದು ಗಾಢ ಕೆಂಪನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ. ಸಾಮಾನ್ಯ ಸಿಆರ್‌ಐ ಲೆಕ್ಕದಲ್ಲಿ ಅದು ಸೇರುವುದೇ ಇಲ್ಲವಾದ್ದರಿಂದ ಬೇರೆಯಾಗಿಯೇ ಕೇಳಬೇಕು. ನಿಮಗೆ ಅದು ಬೇಕೇಬೇಕು. ಮಾರುವವರಿಗೆ ಆರ್9 ಎಂದರೇನೆಂದೇ ತಿಳಿಯದಿದ್ದರೆ ಒಂದು ದೀಪವನ್ನು ಸಂಜೆ ನಿಮ್ಮ ತಾಲೀಮಿನ ಜಾಗಕ್ಕೆ ತರಿಸಿ, ಒಬ್ಬ ನಟಿಗೆ ಸೀರೆ ಉಡಿಸಿ ನಿಲ್ಲಿಸಿ, ಪಕ್ಕದಲ್ಲಿ ನಿಮ್ಮ ಹಳೆಯ ಪಾರ್ ಹಚ್ಚಿ ಎರಡನ್ನೂ ಹೋಲಿಸಿ. ಅಂಕಿಗಳ ಪಟ್ಟಿಗಿಂತ ಈ ಪರೀಕ್ಷೆಯೇ ಮೇಲು. ಹಾಗೆಯೇ ದೀಪವನ್ನು ಪೂರ್ಣದಿಂದ ಸೊನ್ನೆಗೆ ಬಹಳ ನಿಧಾನವಾಗಿ ಇಳಿಸಿ ನೋಡಿ. ಅಗ್ಗದ ಎಲ್‌ಇಡಿ ಕೊನೆಯ ಹಂತದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಫಕ್ಕನೆ ಆರುತ್ತದೆ. ಒಂದು ಸಾವಿನ ದೃಶ್ಯದ ಕೊನೆಯನ್ನು ಹಾಳುಮಾಡಲು ಅಷ್ಟು ಸಾಕು. ಹ್ಯಾಲೊಜನ್ ಕೆಂಪಾಗುತ್ತ, ತಣ್ಣಗೆ ನಂದುವ ರೀತಿಗೆ ಸರಿಸಮವಾಗಿ ಇಳಿಯುವ ಎಲ್‌ಇಡಿಗಳು ಇವೆ, ಆದರೆ ಅವು ದುಬಾರಿ.

ಬಾಡಿಗೆಯ ದೀಪಗಳಲ್ಲಿ ಬಿಳಿಯ ಬಿಂದುಗಳೂ ಇದ್ದರೆ ತಕ್ಷಣಕ್ಕೆ ಒಂದು ಉಪಾಯವಿದೆ. ಮೂರು ಬಣ್ಣಗಳನ್ನು ಬೆರೆಸಿ ಬಿಳಿ ಮಾಡುವುದನ್ನು ಬಿಡಿ. ಬಿಳಿಯ ಬಿಂದುವನ್ನಷ್ಟೇ ಹಚ್ಚಿ, ಸ್ವಲ್ಪ ಕೆಂಪು ಸೇರಿಸಿ. ಅಥವಾ ದೀಪದ ಮುಂದೆ ತಣ್ಣನೆಯ ಬಿಳಿಯನ್ನು ಬೆಚ್ಚಗಾಗಿಸುವ ಸಿಟಿಒ ಜಿಲಾಟಿನ್ ಕಟ್ಟಿ. ಹ್ಯಾಲೊಜನ್‌ನ ಶಾಖ ಇಲ್ಲದ್ದರಿಂದ ಅದು ಬಹುಕಾಲ ಬಾಳುತ್ತದೆ. ಮುಖ ಪೂರ್ತಿ ಸರಿಹೋಗದು, ಹೆಣದ ಬಣ್ಣವಂತೂ ಹೋಗುತ್ತದೆ.

ನೀವು ಕೇಳದ ಒಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು, ಅದು ದೀಪದ ಕೋನ. ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ರಂಗವನ್ನು ನೋಡಿ ಬೆಳೆದವರು ನಾವೆಲ್ಲ. ಅಲ್ಲಿ ಎದುರಿನಿಂದ ಸಮನಾಗಿ, ಧಾರಾಳವಾಗಿ ಬೆಳಕು ಸುರಿಯುತ್ತಾರೆ. ಬಣ್ಣ ಬರೆದ ಪರದೆಗಳ ರಂಗಕ್ಕೆ ಅದೇ ಸರಿ: ಪರದೆಯಲ್ಲಿ ಬರೆದ ಅರಮನೆ ಕಾಣಬೇಕು, ಕೊನೆಯ ಸಾಲಿನವರಿಗೂ ನಟರ ಮುಖಭಾವ ಕಾಣಬೇಕು. ಆದರೆ ನಿಮ್ಮಂಥ ಸಣ್ಣ ತಂಡದ ನಾಟಕದಲ್ಲಿ ಪರದೆ ಕಡಿಮೆ, ಮನುಷ್ಯರೇ ಹೆಚ್ಚು. ಎದುರಿನಿಂದ ನೇರವಾಗಿ ಬಿದ್ದ ಬೆಳಕು ಮೂಗನ್ನೂ ಕೆನ್ನೆಯನ್ನೂ ಒಂದೇ ಮಟ್ಟಕ್ಕೆ ತಂದು ಮುಖವನ್ನು ಚಪ್ಪಟೆ ಮಾಡುತ್ತದೆ. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ಪ್ರಕಟಿಸಿದ ಪದ್ಧತಿ ಇವತ್ತಿಗೂ ಹೊಸಬರಿಗೆ ಅತ್ಯಂತ ಭರವಸೆಯ ದಾರಿ. ರಂಗವನ್ನು ಸಣ್ಣ ಪ್ರದೇಶಗಳಾಗಿ ಹಂಚಿಕೊಳ್ಳಬೇಕು. ಪ್ರತಿ ಪ್ರದೇಶಕ್ಕೆ ಎಡದಿಂದ ಒಂದು, ಬಲದಿಂದ ಒಂದು ದೀಪ, ಎರಡೂ ಸುಮಾರು 45 ಡಿಗ್ರಿ ಪಕ್ಕದಿಂದ ಮತ್ತು 45 ಡಿಗ್ರಿ ಮೇಲಿನಿಂದ. ಒಂದು ಬದಿಗೆ ಬೆಚ್ಚನೆಯ ತೆಳು ಬಣ್ಣ, ಇನ್ನೊಂದು ಬದಿಗೆ ತಂಪು ತೆಳು ಬಣ್ಣ.

ನಿಮ್ಮ ಹತ್ತು ದೀಪಗಳಲ್ಲಿ ಇದು ಆಗುತ್ತದೆ. ರಂಗದ ಮುಂಭಾಗವನ್ನು ಎಡ, ನಡು, ಬಲ ಎಂದು ಮೂರು ಮಾಡಿ, ಆರು ಪಾರ್‌ಗಳನ್ನು ಅಲ್ಲಿಗೆ ಮೀಸಲಿಡಿ. ಹಿಂಭಾಗದ ನಡುವಿಗೆ ಎರಡು ಫ್ರೆನೆಲ್. ಅವುಗಳ ಬೆಳಕಿನ ಅಂಚು ಮೃದುವಾದ್ದರಿಂದ ಮುಂದಿನ ಬೆಳಕಿನೊಂದಿಗೆ ಬೆಸೆದುಕೊಳ್ಳುತ್ತದೆ, ಒಳಗಿನ ಬಲ್ಬನ್ನು ಹಿಂದೆ ಮುಂದೆ ಸರಿಸಿ ಅಗಲ ಮಾಡಲೂ ಬರುತ್ತದೆ. ಉಳಿದ ಎರಡು ಪಾರ್ ಬೆನ್ನ ಹಿಂದಿನಿಂದ ಬರಲಿ. ಪಾರ್ 64 ದೀಪದ ಬೆಳಕು ದುಂಡಗಿಲ್ಲ, ಮೊಟ್ಟೆಯಾಕಾರದಲ್ಲಿ ಬೀಳುತ್ತದೆ ಎಂಬುದನ್ನು ಬಹಳ ತಂಡಗಳು ಗಮನಿಸಿಯೇ ಇರುವುದಿಲ್ಲ. ಡಬ್ಬಿಯ ಹಿಂಬದಿಯಿಂದ ಬಲ್ಬನ್ನು ತಿರುಗಿಸಿದರೆ ಆ ಮೊಟ್ಟೆ ಅಡ್ಡವಾಗಿಯೂ ಮಲಗುತ್ತದೆ, ನೆಟ್ಟಗೂ ನಿಲ್ಲುತ್ತದೆ. ಮುಖ ಬೆಳಗಿಸುವ ಪಾರ್‌ಗಳಿಗೆ ಅಗಲ ಕಿರಣದ ಸಿಪಿ62 ಬಲ್ಬ್ ಹಾಕಿ. ಕಿರಿದು ಕಿರಣದ ಸಿಪಿ60 ದೂರದಿಂದ ಒಂದೇ ಜಾಗಕ್ಕೆ ಗುರಿಯಿಡಲು ಸರಿ, ಹತ್ತಿರದಿಂದ ಹಾಕಿದರೆ ಮುಖದ ಮೇಲೆ ಬಿಳಿಯ ಮಚ್ಚೆಯಾಗುತ್ತದೆ.

ಬಯಲು ರಂಗದಲ್ಲಿ 45 ಡಿಗ್ರಿ ಸಿಗುವುದು ಕಷ್ಟ. ಮೂರು ಅಡಿ ಎತ್ತರದ ರಂಗದ ಮೇಲೆ ನಿಂತ ನಟನ ಮುಖ ನೆಲದಿಂದ ಸುಮಾರು ಎಂಟು ಅಡಿಯಲ್ಲಿರುತ್ತದೆ. ಹದಿನೈದು ಅಡಿಯ ಕಂಬದಿಂದ, ಹನ್ನೆರಡು ಅಡಿ ದೂರದಿಂದ ಬೆಳಕು ಹಾಕಿದರೆ ಕೋನ ಸುಮಾರು 30 ಡಿಗ್ರಿ ಬರುತ್ತದೆ. ಅಷ್ಟಾದರೂ ಇರಲಿ. ಅದಕ್ಕಿಂತ ತಗ್ಗಿದರೆ ನಟರ ನೆರಳು ಹಿಂದಿನ ಪರದೆಗೆ ಬಿದ್ದು ಅವರಿಗಿಂತ ದೊಡ್ಡದಾಗಿ ಕುಣಿಯುತ್ತದೆ. ಕಂಬವನ್ನು ದೂರ ಒಯ್ದರೆ ಬೆಳಕೂ ಬೇಗ ಸೋರಿಹೋಗುತ್ತದೆ: ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ.

ದೀಪಗಳು ಮಿಟುಕಿದ ಕಾರಣಕ್ಕೆ ಬರುತ್ತೇನೆ. ಎಲ್‌ಇಡಿಗಳಿಗೆ ಆದೇಶ ಹೋಗುವುದು ಡಿಎಂಎಕ್ಸ್512 ಎಂಬ ಸಂಕೇತದಲ್ಲಿ. 1986ರಲ್ಲಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಒಂದು ತಂತಿಯ ಮೇಲೆ 512 ಚಾನೆಲ್‌ಗಳು, ಅಂದರೆ ಬೇರೆಬೇರೆ ಆದೇಶಗಳು, ಹೋಗುತ್ತವೆ, ಪ್ರತಿ ದೀಪವೂ ತನ್ನ ವಿಳಾಸದಿಂದ ಮುಂದಿನ ಕೆಲವು ಚಾನೆಲ್‌ಗಳನ್ನು ಓದುತ್ತದೆ. ಏಳು ಚಾನೆಲ್‌ನ ದೀಪಗಳಾದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 8, ಮೂರನೆಯದಕ್ಕೆ 15 ಎಂದು ವಿಳಾಸ ಕೊಡಬೇಕು. ಯಾರೋ 1, 5, 9 ಎಂದು ಕೊಟ್ಟಿದ್ದರೆ ಒಂದರ ಕೆಂಪನ್ನು ಏರಿಸಿದಾಗ ಇನ್ನೊಂದರ ಸ್ಟ್ರೋಬ್ (ದೀಪವನ್ನು ಮಿಟುಕಿಸುವ ಚಾನೆಲ್) ಏರಿ ಅದು ಮಿಟುಕುತ್ತದೆ. ಎರಡನೆಯ ಸಾಧ್ಯತೆ, ಮೈಕಿನ ಕೇಬಲ್‌ನಲ್ಲಿ ಸಂಕೇತ ಕಳಿಸಿರುವುದು. ಪಿನ್ ಒಂದೇ ರೀತಿ ಇರುವುದರಿಂದ ಬಾಡಿಗೆ ಕೊಡುವವರು ಹೀಗೆ ಮಾಡುತ್ತಾರೆ. ನಾಲ್ಕಾರು ಅಡಿಗೆ ನಡೆಯುತ್ತದೆ, ಉದ್ದವಾದಂತೆ ಸಂಕೇತ ಕೆಡುತ್ತದೆ. ಡಿಎಂಎಕ್ಸ್ ಕೇಬಲ್ಲನ್ನೇ ಬಳಸಿ, ಒಂದು ದೀಪದಿಂದ ಮುಂದಿನದಕ್ಕೆ ಸಾಲಾಗಿ ಹೋಗಿ, ಕೊನೆಯ ದೀಪದಲ್ಲಿ, ಸಂಕೇತ ತುದಿಯಿಂದ ಹಿಂದಕ್ಕೆ ಪುಟಿಯದಂತೆ ತಡೆಯುವ 120 ಓಮ್‌ನ ಟರ್ಮಿನೇಟರ್ ಸಿಕ್ಕಿಸಿ. ಅದು ಬಹಳ ಅಗ್ಗದ ವಸ್ತು, ಎರಡು ಇಟ್ಟುಕೊಳ್ಳಿ. ಮೂರನೆಯದು, ಸಂಕೇತ ತಪ್ಪಿದ ಕೂಡಲೇ ಕೆಲವು ದೀಪಗಳು ತಾವೇ ಬಣ್ಣ ಬದಲಿಸುವ ಅಥವಾ ಸದ್ದಿಗೆ ಕುಣಿಯುವ ಕ್ರಮಕ್ಕೆ ಹೋಗುತ್ತವೆ. ಮೆನುವಿನಲ್ಲಿ ಅದನ್ನು ಬದಲಿಸಿ, ಸಂಕೇತ ತಪ್ಪಿದರೆ ಕೊನೆಯ ಸ್ಥಿತಿಯಲ್ಲೇ ನಿಲ್ಲುವಂತೆ ಮಾಡಲು ಬರುತ್ತದೆಯೇ ನೋಡಿ.

ಸುಟ್ಟ ದೀಪದ ಕಾರಣ ನೇರವಾಗಿದೆ. ಹಳೆಯ ಡಿಮ್ಮರ್ ಥೈರಿಸ್ಟರ್ ಅಥವಾ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ನಿಂದ ವಿದ್ಯುತ್ತಿನ ಪ್ರತಿ ಅಲೆಯನ್ನೂ ಕತ್ತರಿಸಿ ಕಳಿಸುತ್ತದೆ. ಟಂಗ್‌ಸ್ಟನ್ ತಂತಿ ಅದನ್ನು ಸಹಿಸುತ್ತದೆ, ಎಲ್‌ಇಡಿಯೊಳಗಿನ ವಿದ್ಯುತ್ ಪೂರೈಕೆಯ ಮಂಡಲ ಸಹಿಸುವುದಿಲ್ಲ. ಡಿಮ್ಮರ್ ಪೂರ್ಣಕ್ಕೆ ಏರಿಸಿಟ್ಟರೂ ಅಪಾಯ ತಪ್ಪದು. ಎಲ್‌ಇಡಿಗೆ ಯಾವಾಗಲೂ ಡಿಮ್ಮರ್ ಹಾಯದ ನೇರ ಸಂಪರ್ಕವೇ ಬೇಕು.

ಇನ್ನು ಜೀವದ ಪ್ರಶ್ನೆ. ನಿಮ್ಮ ಹತ್ತು ಹ್ಯಾಲೊಜನ್‌ಗಳು ಒಟ್ಟಿಗೆ ಹೊತ್ತಿದರೆ 10 ಕಿಲೋವ್ಯಾಟ್. 230 ವೋಲ್ಟ್‌ನಲ್ಲಿ ಸುಮಾರು 43 ಆಂಪಿಯರ್. ಯಾರದೋ ಮನೆಯಿಂದ ಎಳೆದ ಸಿಂಗಲ್ ಫೇಸ್ ತಂತಿಗೆ ಇದನ್ನು ಹೊರಿಸುವುದು ಬೆಂಕಿಯನ್ನು ಕರೆದಂತೆ. ಹೆಸ್ಕಾಂನಿಂದ ತಾತ್ಕಾಲಿಕ ಮೂರು ಫೇಸ್ ಸಂಪರ್ಕ ಪಡೆದು ಅಥವಾ ಜನರೇಟರ್ ತರಿಸಿ, ಭಾರವನ್ನು ಮೂರು ಫೇಸ್‌ಗೂ ಆದಷ್ಟು ಸಮನಾಗಿ ಹಂಚಿ. ಆಗ ಮೂರು ದೀಪ ಇರುವ ಫೇಸ್‌ನ ಮೇಲೆ ಸುಮಾರು 13, ನಾಲ್ಕು ಇರುವುದರ ಮೇಲೆ ಸುಮಾರು 17 ಆಂಪಿಯರ್ ಮಾತ್ರ ಬೀಳುತ್ತದೆ. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟ ಕೇಬಲ್ ತನ್ನ ಶಾಖದಲ್ಲೇ ಕರಗುತ್ತದೆ.

ಜಾತ್ರೆಯ ಪೆಂಡಾಲುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ನ್ಯೂಟ್ರಲ್ ತಂತಿಯದು. ಮೂರು ಫೇಸ್ ಸಂಪರ್ಕದಲ್ಲಿ ನ್ಯೂಟ್ರಲ್ ಸಡಿಲಾಗಿ ಬಿಟ್ಟುಹೋದರೆ, ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಎರಡೂ ಕಡೆಯ ಉಪಕರಣಗಳ ಮೇಲೆ ಭಾರಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಹೆಚ್ಚು ಭಾರವಿರುವ ಕಡೆ ದೀಪ ಮಂಕಾಗುತ್ತದೆ, ಕಡಿಮೆ ಭಾರವಿರುವ ಕಡೆ 300 ವೋಲ್ಟ್ ದಾಟಬಹುದು. ಆ ಕಡೆಯಲ್ಲಿರುವುದು ಸಾಮಾನ್ಯವಾಗಿ ಎಲ್‌ಇಡಿ, ಧ್ವನಿವರ್ಧಕ, ಲ್ಯಾಪ್‌ಟಾಪ್. ಕ್ಷಣಾರ್ಧದಲ್ಲಿ ಎಲ್ಲವೂ ಹೋಗುತ್ತವೆ. ತಂತಿಯನ್ನು ಕೈಯಿಂದ ಹೊಸೆದು ಟೇಪು ಸುತ್ತಿದ ಜೋಡಣೆಯನ್ನು ಒಪ್ಪಲೇಬೇಡಿ. ಲಗ್ ಹಾಕಿ, ಬೋಲ್ಟ್ ಬಿಗಿದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಒಂದೂ ದೀಪ ಸಿಕ್ಕಿಸುವ ಮೊದಲು ಮೀಟರಿನಿಂದ ಮೂರು ಫೇಸ್‌ಗಳನ್ನೂ ಅಳೆಯಿರಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ತೂಗುಹಾಕಿದ ಪ್ರತಿ ದೀಪಕ್ಕೂ ಕ್ಲಾಂಪ್ ಅಲ್ಲದೆ ಇನ್ನೊಂದು ಸೇಫ್ಟಿ ಚೈನ್ ಇರಲಿ. ಹ್ಯಾಲೊಜನ್‌ಗಳನ್ನು ಪರದೆಯಿಂದಲೂ ಥರ್ಮೊಕೋಲ್ ಸಜ್ಜಿಕೆಯಿಂದಲೂ ದೂರವಿಡಿ. ಹಳೆಯ ಕಾಲದಲ್ಲಿ ಉಪ್ಪುನೀರಿನ ಪಾತ್ರೆಯಲ್ಲಿ ತಗಡು ಇಳಿಸಿ ಬೆಳಕು ತಗ್ಗಿಸುತ್ತಿದ್ದರು ಎಂದು ಹೇಳಿ ಯಾರಾದರೂ ಅದನ್ನು ಮಾಡಿ ತೋರಿಸಲು ಬಂದರೆ ದಯವಿಟ್ಟು ತಡೆಯಿರಿ, ಅದು ಕೊಲ್ಲುತ್ತದೆ.

ವೋಲ್ಟೇಜ್ ತಗ್ಗಿದಾಗ ‘ಹಳೆಯ ದೀಪಗಳ ಶಕ್ತಿ ಮುಗಿಯಿತು’ ಎಂದು ತಿಳಿಯುವವರೂ ಇದ್ದಾರೆ. 230 ಇದ್ದದ್ದು 200ಕ್ಕೆ ಇಳಿದರೆ ಹ್ಯಾಲೊಜನ್ ಬೆಳಕು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ, ಬಣ್ಣವೂ ಕೆಂಪಗಾಗುತ್ತದೆ. ದೀಪವನ್ನು ದೂರುವ ಮೊದಲು ವೋಲ್ಟೇಜ್ ನೋಡಿ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ನಾನು ಒಲಿಯುವುದು ಮೊದಲನೆಯದಕ್ಕೆ: ಹ್ಯಾಲೊಜನ್‌ಗಳನ್ನು ಮುಖಕ್ಕೆ ಉಳಿಸಿಕೊಂಡು, ಬಣ್ಣ ಮತ್ತು ಹಿಂಬೆಳಕಿಗೆ ನಾಲ್ಕೋ ಆರೋ ಎಲ್‌ಇಡಿ ಕೊಳ್ಳುವುದು. ಮೊದಲ ಹಣವನ್ನು ವಿದ್ಯುತ್ ಹಂಚಿಕೆಯ ಪೆಟ್ಟಿಗೆಗೆ, ಕೇಬಲ್‌ಗೆ ಹಾಕಿ. ಉಳಿದದ್ದರಲ್ಲಿ ದೀಪ. ಇದರ ತೊಡಕೆಂದರೆ ವಿದ್ಯುತ್ ಭಾರ ಹಾಗೆಯೇ ಉಳಿಯುತ್ತದೆ, ಹ್ಯಾಲೊಜನ್ ಬಲ್ಬುಗಳ ತಯಾರಿಕೆಯೂ ಜಗತ್ತಿನೆಲ್ಲೆಡೆ ಕುಗ್ಗುತ್ತಿದೆ. ಸಿಕ್ಕುವಾಗ ಕೆಲವು ಬಲ್ಬ್ ಕೊಂಡಿಡಿ. ಫ್ರೆನೆಲ್‌ನ ಬಲ್ಬನ್ನು ಬರಿಗೈಯಿಂದ ಮುಟ್ಟಬೇಡಿ, ಬೆರಳಿನ ಜಿಡ್ಡು ಹತ್ತಿದ ಜಾಗದಲ್ಲಿ ಗಾಜು ಹೆಚ್ಚು ಕಾದು ಒಡೆಯುತ್ತದೆ.

ಎರಡನೆಯ ದಾರಿ ಪೂರ್ತಿ ಎಲ್‌ಇಡಿಗೆ ಹೋಗುವುದು. ಹಳ್ಳಿಗಳಲ್ಲಿ ಹೆಚ್ಚು ಆಡುವವರಾಗಿ, ದೊಡ್ಡ ಸಂಪರ್ಕ ಸಿಗುವುದೇ ಕಷ್ಟವೆಂದಾದರೆ ಇದು ಯೋಗ್ಯ ನಿರ್ಧಾರ. ಆದರೆ ಬಣ್ಣದ 16 ದೀಪ ಬೇಡ. ಅರ್ಧದಷ್ಟಾದರೂ ಬೆಚ್ಚನೆಯ ಬಿಳಿಯವಾಗಿರಲಿ. ಅಪಾಯವಿರುವುದು ದುರಸ್ತಿಯಲ್ಲಿ: ಹ್ಯಾಲೊಜನ್ ಕೆಟ್ಟರೆ ಬಲ್ಬ್ ಬದಲಿಸಿದರಾಯಿತು, ಅಗ್ಗದ ಎಲ್‌ಇಡಿ ಕೆಟ್ಟರೆ ಬಿಡಿಭಾಗ ಸಿಗದೆ ಇಡೀ ದೀಪ ಮೂಲೆ ಸೇರುತ್ತದೆ. ವಿಡಿಯೊ ಪಟ್ಟೆಯ ಚಿಂತೆಯನ್ನೂ ಕೊಳ್ಳುವಾಗಲೇ ತೀರಿಸಿಕೊಳ್ಳಿ. ಎಲ್‌ಇಡಿ ಮಂದವಾಗುವುದು ಬಲು ವೇಗವಾಗಿ ಆರಿ ಹೊತ್ತುವುದರಿಂದ. ಆ ವೇಗ ಕಡಿಮೆಯಿದ್ದರೆ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಪಟ್ಟೆಯಾಗಿ ಕಾಣುತ್ತದೆ. ಒಳ್ಳೆಯ ದೀಪಗಳ ಮೆನುವಿನಲ್ಲಿ ಆ ಆವರ್ತನವನ್ನು ಏರಿಸಬಹುದು. ಮೊಬೈಲ್‌ನಲ್ಲಿ ಶಟರ್ ವೇಗವನ್ನು 1/50ಕ್ಕೆ ಇಟ್ಟರೂ ಪಟ್ಟೆ ಬಹಳಷ್ಟು ಕಡಿಮೆಯಾಗುತ್ತದೆ.

ಮೂರನೆಯದು ಬಾಡಿಗೆ. ವರ್ಷಕ್ಕೆ ಒಂದೆರಡು ಪ್ರಯೋಗವಷ್ಟೇ ಆದರೆ ಬಣ್ಣದ ದೀಪಗಳನ್ನು ಕೊಳ್ಳುವ ಅಗತ್ಯವೇ ಇಲ್ಲ. ಬಾಡಿಗೆಯವರಿಗೆ ‘ಎಂಟು ಎಲ್‌ಇಡಿ’ ಎಂದು ಹೇಳಬೇಡಿ. ಎಷ್ಟು ಚಾನೆಲ್‌ನವು, ಬಿಳಿಯ ಬಿಂದು ಇದೆಯೇ, ಡಿಎಂಎಕ್ಸ್ ಕೇಬಲ್ ಎಷ್ಟು ಉದ್ದ ಎಂದು ಕೇಳಿ, ಪ್ರಯೋಗದ ಹಿಂದಿನ ದಿನವೇ ತರಿಸಿ. ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲೋ ಬೆಳಗಾವಿಯ ಕುಮಾರ ಗಂಧರ್ವ ಕಲಾಮಂದಿರದಲ್ಲೋ ಆಡುವ ಅವಕಾಶ ಬಂದಾಗಲೂ ಮೊದಲೇ ಒಬ್ಬರು ಹೋಗಿ ನೋಡಿ ಬರಲಿ: ದೀಪ ತೂಗುಹಾಕುವ ಬಾರ್‌ಗಳು ರಂಗದ ಅಂಚಿನಿಂದ ಎಷ್ಟು ದೂರದಲ್ಲಿವೆ, ಪ್ರತಿಯೊಂದರಲ್ಲಿ ಎಷ್ಟು ಸಾಕೆಟ್‌ಗಳಿವೆ, ಅವು ಡಿಮ್ಮರ್‌ನಿಂದ ಬಂದವೇ ನೇರ ಸಂಪರ್ಕದವೇ. ಈ ವಿವರಗಳನ್ನು ಕಾಗದದ ಮೇಲೆ ಗುರುತಿಸಿಕೊಂಡರೆ ಯಾವ ದೀಪ ಎಲ್ಲಿಗೆ ಎಂಬುದನ್ನು ಇಳಕಲ್‌ನಲ್ಲಿ ಕುಳಿತೇ ತೀರ್ಮಾನಿಸಿ, ಅಲ್ಲಿಗೆ ಹೋದ ಕೂಡಲೇ ಕಟ್ಟಲು ಆರಂಭಿಸಬಹುದು.